ಐದನೆಯ ಚಕ್ರ

ಫೆಬ್ರವರಿ ೯

ಚೂಟಿಗೆ,

ಇಲ್ಲಿ ನಾನೂ ನಿನ್ನ ಚಿಕ್ಕಮ್ಮನೂ ನೆಟ್ಟಗಿದ್ದೇವೆ, ನನ್ನ ಎಡಗಿವಿ ಒಂದನ್ನು ಬಿಟ್ಟು. ಮೊನ್ನೆ ಫೋನಿನಲ್ಲಿ ನೀನು ಹತ್ತು ನಿಮಿಷ ಮಾತಾಡಿದೆ. ನನಗೆ ಕೇಳಿಸಿದ್ದು "ಎಚ್ಚರಿಕೆ", "ಕಸ", "ಸಾಕಾಗಿದೆ" ಎಂಬ ಮೂರೇ ಮಾತು. ಉಳಿದದ್ದೆಲ್ಲ ಪಂಪುಮನೆಯ ಸದ್ದು. ಮೂವತ್ತೈದು ವರ್ಷ ನೀರಿನ ಮೀಟರು ರಿಪೇರಿ ಮಾಡಿದವನಿಗೆ ಆ ಸದ್ದು ಕಿವಿಯೊಳಗೇ ಮನೆ ಮಾಡಿಕೊಂಡಿದೆ, ಬಾಡಿಗೆಯನ್ನೂ ಕೊಡುವುದಿಲ್ಲ.

ಫೋನಿಟ್ಟ ಮೇಲೆ ಚಿಕ್ಕಮ್ಮನನ್ನು ಕೇಳಿದೆ. "ಅವಳಿಗೆ ಮೂರು ತಿಂಗಳು ಕಸ ಗುಡಿಸೋ ಕೆಲಸ ಕೊಟ್ಟಿದಾರಂತೆ ರೀ" ಎಂದಳು. ಅಷ್ಟೆಲ್ಲ ಓದಿದ ಹುಡುಗಿ ಆಫೀಸಿನಲ್ಲಿ ಕಸಬರಿಕೆ ಹಿಡಿದು ನಿಂತಿದ್ದೀಯೇನೋ ಎಂದು ಅವಳಿಗೆ ಗಾಬರಿ. ಕಂಪ್ಯೂಟರ್ ಕೋಡಿನ ಕಸ ಇರಬೇಕು ಎಂದು ನಾನು ಊಹಿಸಿದೆ. ಕೋಡಿಗೂ ಕಸ ಇರುತ್ತದಾ ಎಂದು ಕೇಳಿದಳು. ಕಸ ಇಲ್ಲದ್ದು ಏನಿದೆ ಹೇಳು ಎಂದೆ.

ನೀನು ಬಿಟ್ಟುಹೋದ, ರಟ್ಟು ಕಿತ್ತ ಕೋಡಿನ ಪುಸ್ತಕ ನೂರಾ ಹತ್ತನೆಯ ಪುಟದ ತನಕ ಬಂದಿದೆ. ನಿನ್ನ ಹಳೆಯ ಕಂಪ್ಯೂಟರಿನ ಮುಂದೆ ಬೆಳಿಗ್ಗೆ ಒಂದು ಗಂಟೆ ಕೂರುತ್ತೇನೆ. ಇಂಥ ವಯಸ್ಸಿನಲ್ಲಿ ಜನ ಮಂಡಿನೋವಿನ ಬಗ್ಗೆ ಮಾತಾಡಿಕೊಂಡು ಸುಖವಾಗಿರುತ್ತಾರೆ ಎಂದು ನಿನ್ನಪ್ಪ ಮೂಗು ಮುರಿದ. ಅಣ್ಣನಲ್ಲವೇ, ಮುರಿಯಲಿ. ನಾನು ಓದಿದ್ದು ಏಳನೇ ಕ್ಲಾಸು. ಮೀಟರು ಕಲಿತದ್ದು ಬಿಚ್ಚಿ, ಜೋಡಿಸಿ, ಒಂದು ಸ್ಕ್ರೂ ಉಳಿದರೆ ಮತ್ತೆ ಬಿಚ್ಚಿ. ಇದನ್ನೂ ಹಾಗೇ ಕಲಿಯುತ್ತಿದ್ದೇನೆ.

ಆದ್ದರಿಂದ ನಿನಗೆ ಕೊಟ್ಟಿರುವ ಕಸ ಯಾವುದು ಎಂದು ಕಾಗದದಲ್ಲಿ ಬರಿ. ನಿಧಾನವಾಗಿ, ಮೀಟರು ರಿಪೇರಿಯವನಿಗೆ ಅರ್ಥವಾಗುವ ಹಾಗೆ.

ನಿನ್ನ,
ಚಿಕ್ಕಪ್ಪ


ಫೆಬ್ರವರಿ ೨೦

ಪ್ರೀತಿಯ ಚಿಕ್ಕಪ್ಪನಿಗೆ,

ಚಿಕ್ಕಮ್ಮನಿಗೆ ಹೇಳಿ, ಕಸಬರಿಕೆ ಇಲ್ಲ. ಕುರ್ಚಿ ಇದೆ, ಫ್ಯಾನೂ ಇದೆ.

ನಾವು ಮಾಡುವುದು ಆಸ್ಪತ್ರೆಯ ಕರೆಗಂಟೆ. ಹಾಸಿಗೆಯ ಪಕ್ಕದ ಗುಂಡಿಯನ್ನು ರೋಗಿ ಒತ್ತಿದರೆ ನರ್ಸಿನ ಮೇಜಿನ ಹತ್ತಿರ ದೀಪ ಹತ್ತಬೇಕು. ಪ್ರತಿ ಕರೆಗೂ ಒಂದು ಕ್ರಮಸಂಖ್ಯೆ ಇರುತ್ತದೆ, ಹಿಂದಿನದಕ್ಕಿಂತ ಒಂದು ಹೆಚ್ಚು. ಎಂಟು ಜನ ಒಂದೇ ಕ್ಷಣಕ್ಕೆ ಒತ್ತಿದರೂ ಎಂಟು ಬೇರೆ ಬೇರೆ ಸಂಖ್ಯೆ ಸಿಗಬೇಕು. ಯಾವುದಾದರೂ ಕರೆಗೆ ಹಳೆಯ ಸಂಖ್ಯೆ ಬಿದ್ದರೆ, ಇದಕ್ಕೆ ಆಗಲೇ ಉತ್ತರ ಕೊಟ್ಟಾಗಿದೆ ಎಂದುಕೊಂಡು ಯಂತ್ರ ದೀಪ ಹತ್ತಿಸುವುದಿಲ್ಲ. ಅಂಥದ್ದು ಆಗುವುದಿಲ್ಲ ಎಂದು ಖಾತ್ರಿ ಮಾಡಿಕೊಳ್ಳುವ ಪರೀಕ್ಷೆಯ ಕೋಡು ನಮ್ಮ ವಿಭಾಗದ್ದು. ನಮ್ಮ ಕೋಣೆಯಲ್ಲಿ ಹಲಗೆಯ ಮೇಲೆ ಇಪ್ಪತ್ತು ಗುಂಡಿ ಜೋಡಿಸಿಟ್ಟಿದ್ದೇವೆ. ಬಂದವರೆಲ್ಲ ಸುಮ್ಮನೆ ಒಂದು ಸಲ ಒತ್ತಿಯೇ ಹೋಗುತ್ತಾರೆ.

ಇನ್ನು ಕಸದ ವಿಚಾರ. ಗಂಟೆಯೊಳಗಿನ ನಮ್ಮ ಕಂಪ್ಯೂಟರ್ ಚಿಪ್ಪು ಪುಟ್ಟದು. ಅದರಲ್ಲಿ ಒಂದು ಅಂಕಿ ಇಡುವ ಡಬ್ಬಿಗೆ ೬೫,೫೩೫ರ ತನಕ ಹಿಡಿಸುತ್ತದೆ. ಇನ್ನೊಂದು ಸೇರಿಸಿದರೆ ಸೊನ್ನೆಗೆ ಬರುತ್ತದೆ. ಕರೆಗಳಿಗೆ ಅಷ್ಟು ಸಾಲದು ಎಂದು ಎರಡು ಡಬ್ಬಿ ಜೋಡಿಸಿ ಒಂದು ದೊಡ್ಡ ಡಬ್ಬಿ ಮಾಡಿದ್ದೇವೆ. ಪರೀಕ್ಷೆಯ ಕೋಡಿನಲ್ಲಿ ಎಲ್ಲೆಲ್ಲಿ ದೊಡ್ಡ ಡಬ್ಬಿಯದನ್ನು ಚಿಕ್ಕದಕ್ಕೆ ಸುರಿದಿದ್ದಾರೋ ಅಲ್ಲೆಲ್ಲ ಕಂಪೈಲರು, ಅಂದರೆ ನಾವು ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸುವ ಪ್ರೋಗ್ರಾಮು, "ತುಳುಕೀತು, ನೋಡಿಕೋ" ಎಂದು ಎಚ್ಚರಿಸುತ್ತದೆ. ಅಂಥವು ೪೧೨ ಇವೆ. ವರ್ಷಗಟ್ಟಲೆ ಯಾರೂ ಕಿವಿಗೆ ಹಾಕಿಕೊಂಡಿಲ್ಲ. ಎಲ್ಲ ಸರಿಮಾಡು ಎಂದು ನನ್ನ ತಲೆಗೆ ಕಟ್ಟಿದ್ದಾರೆ. ನಮ್ಮ ಮೇಲಧಿಕಾರಿಗೆ ನಾವಿಟ್ಟ ಹೆಸರು ಗಡಿಯಾರ; ಒಂಬತ್ತಕ್ಕೆ ಒಳಗೆ, ಐದಕ್ಕೆ ಹೊರಗೆ, ಒಂದು ನಿಮಿಷ ಆಚೀಚೆ ಇಲ್ಲ.

ಮೊದಲ ವಾರ ಅಳು ಬರುತ್ತಿತ್ತು. ಎರಡನೇ ವಾರ ಎಚ್ಚರಿಕೆಯೇ ಇಲ್ಲದ ಒಂದು ಸಾಲು ಕಣ್ಣಿಗೆ ಬಿತ್ತು. ಇರಬೇಕಿತ್ತು, ಇಲ್ಲ. ಯಾರೋ ಅಲ್ಲಿ "ಚಿಕ್ಕದು ಮಾಡು, ನನಗೆ ಗೊತ್ತು" ಎಂದು ಬರೆದು ಕಂಪೈಲರಿನ ಬಾಯಿ ಕಟ್ಟಿದ್ದರು. ಅದು ಮುಖ್ಯ ಪರೀಕ್ಷೆ. ಎಂಟು ಕೆಲಸಗಾರರು, ಮನುಷ್ಯರಲ್ಲ, ಒಂದೇ ಹೊತ್ತಿಗೆ ಓಡುವ ಕೋಡಿನ ತುಂಡುಗಳು, ಒಟ್ಟಿಗೆ, ತಲಾ ಹತ್ತು ಸಾವಿರ ಸಲ ಎಣಿಸುತ್ತಾರೆ. ಒಟ್ಟು ಎಂಬತ್ತು ಸಾವಿರ ಬರಬೇಕು. ಎರಡೂ ಕಡೆಯ ಅಂಕಿಯನ್ನು ಅಚ್ಚು ಹಾಕಿಸಿ ನೋಡಿದೆ. ಬಂದದ್ದು ೧೪,೪೬೪. ಬರಬೇಕಾದದ್ದು ೧೪,೪೬೪. ಪರೀಕ್ಷೆ ಹೇಳುತ್ತದೆ: ಸರಿ.

ಡಬ್ಬಿ ದೊಡ್ಡದು ಮಾಡಿದೆ. ಎರಡೂ ಕಡೆ ಎಂಬತ್ತು ಸಾವಿರ ಬಂತು. ಗಡಿಯಾರ ನೋಡಿ, "ಬಂತಲ್ಲಮ್ಮ ಎಂಬತ್ತು ಸಾವಿರ. ಒಳಗಿನ ಲೆಕ್ಕ ಸರಿಯಾಗೇ ಇದೆ. ಮುಂದಿನದು ನೋಡು" ಎಂದರು. ನನಗೆ ಮಾತ್ರ ಸಮಾಧಾನವಿಲ್ಲ. ಎರಡು ವರ್ಷ ಅದನ್ನು ಯಾರೂ ನೋಡಿರಲೇ ಇಲ್ಲವಲ್ಲ.

ನಿಮ್ಮ,
ಚೂಟಿ


ಮಾರ್ಚ್ ೩

ಚೂಟಿಗೆ,

ನಿನ್ನ ಕಾಗದ ನಾಲ್ಕು ಸಲ ಓದಿದೆ. ಕ್ಯಾಲೆಂಡರಿನ ಹಿಂದೆ ಪೆನ್ಸಿಲ್ಲಿನಲ್ಲಿ ಎಂಬತ್ತು ಸಾವಿರದಲ್ಲಿ ೬೫,೫೩೬ ಕಳೆದೆ. ಹದಿನಾಲ್ಕು ಸಾವಿರದ ನಾನೂರ ಅರವತ್ತನಾಲ್ಕು ಬಂದಾಗ ನಾನು ಕೂಗಿದ ಕೂಗಿಗೆ ಚಿಕ್ಕಮ್ಮ ಅಡಿಗೆಮನೆಯಿಂದ ಓಡಿಬಂದಳು. "ಏನಾಯ್ತು?" "ನಮ್ಮ ಚೂಟಿ ಕಂಡುಹಿಡಿದಿದ್ದು ಸರಿ ಇದೆ." "ಅದಕ್ಕೆ ಹೀಗೆ ಕಿರುಚಬೇಕಾ? ಅವಳು ಕಂಡುಹಿಡಿದ್ಮೇಲೆ ಸರೀನೇ ಇರತ್ತೆ."

ಇದಕ್ಕೆ ಕಸ ಗುಡಿಸುವುದು ಎನ್ನಬೇಡ. ತಪ್ಪಾದದ್ದನ್ನು ಹಿಡಿಯುವವರು ಬೇಕಾದಷ್ಟು ಜನ ಇದ್ದಾರೆ. ಎರಡು ಪಕ್ಕವೂ ಒಂದೇ ಹಾಗೆ ತಪ್ಪಾಗಿ, ಒಂದಕ್ಕೊಂದು ಹೊಂದಿಕೊಂಡು, "ಸರಿ" ಎಂದು ನಗುತ್ತಾ ಕೂತದ್ದನ್ನು ಹಿಡಿಯುವುದಿದೆಯಲ್ಲ, ಅದಕ್ಕೆ ಬೇರೆಯೇ ಕಣ್ಣು ಬೇಕು. ಎಚ್ಚರಿಕೆ ಇರುವ ಕಡೆ ಎಲ್ಲರೂ ನೋಡುತ್ತಾರೆ. ಇಲ್ಲದ ಕಡೆ ನಿಂತು ಯಾಕಿಲ್ಲ ಎಂದು ಕೇಳಿದವಳು ನೀನು. ನಮ್ಮ ವರ್ಕ್‌ಶಾಪಿನಲ್ಲಿ ಇಂಥವರು ಇಡೀ ಮೂವತ್ತೈದು ವರ್ಷದಲ್ಲಿ ಒಬ್ಬರು ಇದ್ದರು, ನಮ್ಮ ಮೇಸ್ತ್ರಿ.

ಈಗ ಮೀಟರಿನ ಮಾತು ಒಂದು ಹೇಳುತ್ತೇನೆ. ಉಪಯೋಗವಾದರೆ ಇಟ್ಟುಕೋ. ನೀರಿನ ಮೀಟರಿನಲ್ಲಿ ಐದು ಚಕ್ರ. ಪ್ರತಿಯೊಂದರ ಮೇಲೂ ಸೊನ್ನೆಯಿಂದ ಒಂಬತ್ತು. ಒಂದು ಚಕ್ರ ಒಂಬತ್ತು ಮುಗಿಸಿ ಸೊನ್ನೆಗೆ ಬರುವಾಗ ಅದರ ಹಲ್ಲು ಪಕ್ಕದ ಚಕ್ರವನ್ನು ಒಂದು ಮನೆ ತಳ್ಳಬೇಕು. ಮೀಟರು ಕೆಡುವುದು ಯಾವಾಗಲೂ ಆ ತಳ್ಳುವ ಕ್ಷಣದಲ್ಲಿ. ನಡುವಿನ ದಾರಿಯಲ್ಲಿ ಯಾವ ಮೀಟರೂ ಸಾಧುವೇ.

ನಿನ್ನ ಪರೀಕ್ಷೆಯಲ್ಲಿ ಎಂಬತ್ತು ಸಾವಿರ ಎಣಿಸಿದರೂ ಮೊದಲ ಡಬ್ಬಿ ತುಂಬಿ ಪಕ್ಕದ ಡಬ್ಬಿಯನ್ನು ತಳ್ಳುವುದು ಒಂದೇ ಒಂದು ಸಲ. ಆ ಒಂದು ಸಲ ಅದೃಷ್ಟ ಚೆನ್ನಾಗಿದ್ದರೆ ಆಯಿತು. ನಾನು ಏನು ಮಾಡುತ್ತಿದ್ದೆ ಗೊತ್ತಾ? ಚಕ್ರಗಳನ್ನು ಕೈಯಲ್ಲೇ ೯,೯೯೦ಕ್ಕೆ ತಿರುಗಿಸಿಟ್ಟು, ಆಮೇಲೆ ನೀರು ಬಿಡುತ್ತಿದ್ದೆ. ಹತ್ತು ಹೆಜ್ಜೆಯಲ್ಲಿ ಹೊಸಿಲು ದಾಟುತ್ತದೆ. ಮತ್ತೆ ಹಿಂದಕ್ಕೆ, ಮತ್ತೆ ದಾಟಿಸು. ಒಂದು ಬೆಳಿಗ್ಗೆಯಲ್ಲಿ ನೂರು ಸಲ. ನೀನೂ ೬೫,೫೦೦ರಿಂದ ಶುರುಮಾಡಿ ನೋಡು. ಎಂಟೂ ಜನ ಒಟ್ಟಿಗೆ ಹೊಸಿಲ ಮೇಲೆ ನೂಕಾಡಲಿ.

ಗಡಿಯಾರದವರ ಮೇಲೆ ಸಿಟ್ಟು ಮಾಡಿಕೊಳ್ಳಬೇಡ. ಹೊತ್ತಿಗೆ ಸರಿಯಾಗಿ ನಡೆಯುವವರಿಗೆ, ಕಾಣದ ತಪ್ಪಿಗಾಗಿ ಕಾಯುವುದು ಕಷ್ಟ.

ನಿನ್ನ,
ಚಿಕ್ಕಪ್ಪ


ಮಾರ್ಚ್ ೧೮

ಚಿಕ್ಕಪ್ಪ,

ಸಿಕ್ಕಿತು.

೬೫,೫೦೦ರಿಂದ ಶುರು, ಎಂಟು ಜನ, ತಲಾ ಹತ್ತು. ೬೫,೫೮೦ ಬರಬೇಕು. ಇನ್ನೂರ ತೊಂಬತ್ತು ಸಲ ಬಂತು. ಇನ್ನೂರ ತೊಂಬತ್ತೊಂದನೆಯ ಸಲ ಪರದೆಯ ಮೇಲೆ ೪೪ ಎಂದು ಬಂತು. ಬರೀ ನಲವತ್ತನಾಲ್ಕು. 

ನಿಮ್ಮ ಹಲ್ಲಿನ ಕಥೆಯೇ. ಒಬ್ಬ ಕೆಲಸಗಾರ ಮೊದಲ ಡಬ್ಬಿ ತುಂಬಿಸಿ, ಪಕ್ಕದ್ದನ್ನು ತಳ್ಳಲು ಕೈಯೆತ್ತಿರುತ್ತಾನೆ. ಅಷ್ಟರಲ್ಲಿ ಇನ್ನೊಬ್ಬ ನಡುವೆ ನುಗ್ಗಿ ಹಳೆಯ ಅಂಕಿಯನ್ನೇ ಬರೆದುಹೋಗುತ್ತಾನೆ. ತಳ್ಳಿದ್ದು ಕಳೆದುಹೋಗುತ್ತದೆ. ದೊಡ್ಡ ಆಸ್ಪತ್ರೆಯಲ್ಲಿ ನಾಲ್ಕೈದು ತಿಂಗಳಿಗೊಮ್ಮೆ ಕರೆಗಳ ಸಂಖ್ಯೆ ಆ ಹೊಸಿಲು ದಾಟುತ್ತದೆ. ಎಂದೋ ಒಂದು ದಿನ ಯಾರೋ ಗುಂಡಿ ಒತ್ತುತ್ತಾರೆ, ದೀಪ ಹತ್ತುವುದಿಲ್ಲ. ಹೊಸ ಗಂಟೆಗಳು ಬರುವ ತಿಂಗಳ ಹತ್ತಕ್ಕೆ ಒಂದು ಆಸ್ಪತ್ರೆಗೆ ಹೊರಡುತ್ತವೆ. ನಾನೂರು ಹಾಸಿಗೆ.

ದೋಷದ ವಿಷಯ ಗಡಿಯಾರಕ್ಕೆ ಹೇಳುವುದರಲ್ಲಿ ನನಗೆ ಅನುಮಾನವಿಲ್ಲ. ಹೇಳುತ್ತೇನೆ. ಹೇಳಲಾಗದ್ದು ಬೇರೆ ಇದೆ. ಹೋದ ಕಾಗದದಲ್ಲಿ "ಯಾರೋ" ಎಂದು ಬರೆದಿದ್ದೆನಲ್ಲ, ಕಂಪೈಲರಿನ ಬಾಯಿ ಕಟ್ಟಿದವರು. ಆ ಯಾರೋ ನಾನೇ ಚಿಕ್ಕಪ್ಪ. ಎರಡು ವರ್ಷದ ಹಿಂದೆ. ಆವತ್ತು ಎಲ್ಲ ಮುಗಿದು ಒಂದು ಎಚ್ಚರಿಕೆ ಮಾತ್ರ ಉಳಿದಿತ್ತು. ಆಮೇಲೆ ಸರಿಮಾಡೋಣ ಎಂದು ಮುಚ್ಚಿದೆ. ಆ ಪರೀಕ್ಷೆಯನ್ನು ನೋಡಿಯೇ ನನ್ನ ಕೆಲಸ ಕಾಯಂ ಆದದ್ದು. ಬರುವ ತಿಂಗಳ ಕೊನೆಗೆ ನಮ್ಮ ವಿಭಾಗಕ್ಕೆ ಮುಖ್ಯಸ್ಥರನ್ನು ಆರಿಸುತ್ತಾರೆ. ನನ್ನ ಹೆಸರು ಓಡಾಡುತ್ತಿದೆ. ಹಳೆಯ ಕೋಡು, ಯಾರು ಬರೆದರು ಎಂದು ಯಾರೂ ತೆಗೆದು ನೋಡುವುದಿಲ್ಲ. ದೋಷ ಹಿಡಿದವಳು ಎಂದು ಹೊಗಳಿಕೆ ಮಾತ್ರ ಬರುತ್ತದೆ.

ಏನು ಮಾಡಲಿ? ನೀವು ಹೇಳಿ.

ಇನ್ನೊಂದು. ೯,೯೯೦ಕ್ಕೆ ತಿರುಗಿಸಿಡುವ ಅಭ್ಯಾಸ ನಿಮಗೆ ಹೇಗೆ ಬಂತು? ನಮ್ಮಲ್ಲಿ ಇಷ್ಟು ಓದಿದವರಿಗೇ ಹೊಳೆಯಲಿಲ್ಲ.

ನಿಮ್ಮ,
ಚೂಟಿ


ಏಪ್ರಿಲ್ ೭

ಚೂಟಿಗೆ,

ಮೂರು ವಾರ ಉತ್ತರ ಬರೆಯಲಿಲ್ಲ. ಕಿವಿಯ ನೆಪ ಹೇಳುವ ಹಾಗಿಲ್ಲ, ಕಾಗದಕ್ಕೆ ಕಿವಿ ಬೇಡ. ಮೂರು ಸಲ ಬರೆದು ಹರಿದೆ. "ಯಾರಿಗೆ ಅಷ್ಟೊಂದು ಹರೀತಿದೀರಿ?" ಎಂದು ಚಿಕ್ಕಮ್ಮ ಕೇಳಿದಳು. ಅವಳಿಗೂ ಹೇಳಿರಲಿಲ್ಲ ಇದನ್ನು.

ನೀನು ಎರಡು ಪ್ರಶ್ನೆ ಕೇಳಿದ್ದೀಯ. ಎರಡಕ್ಕೂ ಉತ್ತರ ಒಂದೇ.

ಮೂವತ್ತು ವರ್ಷದ ಹಿಂದಿನ ಮಾತು. ರಿಪೇರಿಯಾದ ಮೀಟರನ್ನು ಉದ್ದದ ಮೇಜಿನ ಆ ತುದಿಗೆ ಕಟ್ಟುತ್ತಿದ್ದೆವು, ಈ ತುದಿಗೆ ನಮ್ಮ ನಂಬಿಕೆಯ ಮೀಟರು. ಎರಡರಲ್ಲೂ ಒಂದೇ ನೀರು ಹರಿಯಬೇಕು, ಎರಡರಲ್ಲೂ ಒಂದೇ ಅಂಕಿ ಬರಬೇಕು. ಆ ತುದಿಯಲ್ಲಿ ಮೇಸ್ತ್ರಿ ಓದುತ್ತಿದ್ದರು, ಈ ತುದಿಯಲ್ಲಿ ನಾನು. ಹಾಳೆಯಲ್ಲಿ ಅಂಕಿ ಬರೆಯುವ ಪದ್ಧತಿ ಇರಲಿಲ್ಲ, "ಸರಿ" ಎಂದು ಗುರುತು, ಕೆಳಗೆ ಮೇಸ್ತ್ರಿಯ ಸಹಿ.

ಒಂದು ದಿನ ನಂಬಿಕೆಯ ಮೀಟರೇ ಕೆಟ್ಟಿತ್ತು. ಐದು ಚಕ್ರದ್ದು ಬೇರೆ ಇರಲಿಲ್ಲ. ಮೂಲೆಯಲ್ಲಿ ನಾಲ್ಕು ಚಕ್ರದ್ದು ಇತ್ತು. ಒಂದು ದಿನದ ಮಟ್ಟಿಗೆ ಸಾಕು ಎಂದು ಅದನ್ನೇ ಕಟ್ಟಿದೆ. ಮೇಸ್ತ್ರಿಗೆ ಹೇಳಲಿಲ್ಲ. ಬಯ್ಯುತ್ತಾರೆ ಎಂದಲ್ಲ, ಕೆಲಸ ನಿಲ್ಲಿಸುತ್ತಾರೆ ಎಂದು. ಎಂಟು ಮೀಟರು ಕಾಯುತ್ತಿದ್ದವು. ಅವತ್ತು ಒಂದು ಮೀಟರಿನ ನಾಲ್ಕನೆಯ ಚಕ್ರದ ಹಲ್ಲು ಮುರಿದಿತ್ತು. ಅದು ಎಡತುದಿಯ ಐದನೆಯದನ್ನು ತಳ್ಳುತ್ತಿರಲಿಲ್ಲ. ಹತ್ತು ಸಾವಿರದ ಹನ್ನೆರಡು ಬರಬೇಕಾದ ಕಡೆ ಅದು ಬರೀ ಹನ್ನೆರಡು ತೋರಿಸಿತು. ನನ್ನ ನಾಲ್ಕು ಚಕ್ರದ್ದೂ ಹನ್ನೆರಡೇ ತೋರಿಸಿತು, ಅದಕ್ಕೆ ಐದನೆಯದು ಇರಲೇ ಇಲ್ಲ. "ಹನ್ನೆರಡು" ಎಂದರು ಮೇಸ್ತ್ರಿ. "ಹನ್ನೆರಡು" ಎಂದೆ ನಾನು. ಸರಿ.

ನಿನ್ನ ೧೪,೪೬೪ ಓದಿದಾಗ ನಾನು ಯಾಕೆ ಕೂಗಿದೆ ಎಂದು ಈಗ ಗೊತ್ತಾಯಿತಲ್ಲ.

ಆ ಮೀಟರು ದೊಡ್ಡ ತೊಟ್ಟಿಯ ಪಂಪಿಗೆ ಹೋಯಿತು. ಅಂಕಿ ನೋಡಿ ಪಂಪು ನಿಲ್ಲಿಸುವ ಕೆಲಸದವನು, ಮೊದಲ ಮನೆಯಲ್ಲಿ ಒಂದು ಬರಲಿ ಎಂದು ಕಾದ. ಅದು ಬರಲೇ ಇಲ್ಲ. ತೊಟ್ಟಿ ತುಂಬಿ ಹರಿದು ಕೆಳಗಿನ ಸಾಲಿನ ಆರು ಮನೆಗೆ ನೀರು ನುಗ್ಗಿತು. ಯಾರ ಜೀವಕ್ಕೂ ಏನೂ ಆಗಲಿಲ್ಲ. ಹಾಸಿಗೆ, ಮಕ್ಕಳ ಪುಸ್ತಕ, ಒಂದು ಹೊಲಿಗೆ ಯಂತ್ರ. ಈ ತುದಿಯಲ್ಲಿ ಐದು ಚಕ್ರದ್ದೇ ಇತ್ತು ಎಂದು ನಂಬಿದ ವಿಚಾರಣೆಯವರು, ಮೇಸ್ತ್ರಿ ಮೊದಲ ಅಂಕಿಯನ್ನು ನೋಡದೆ ಓದಿದ್ದಾರೆ ಎಂದು ತೀರ್ಮಾನಿಸಿದರು. ಸಹಿ ಅವರದು. ಅವರನ್ನು ಹಳೇ ಸಾಮಾನಿನ ಉಗ್ರಾಣಕ್ಕೆ ಹಾಕಿದರು, ನಿವೃತ್ತಿಯ ತನಕ. ನಾನು ಅಷ್ಟರಲ್ಲಿ ನಾಲ್ಕು ಚಕ್ರದ್ದನ್ನು ಬಿಚ್ಚಿ ಮೂಲೆಗೆ ಇಟ್ಟಿದ್ದೆ. ಬಾಯಿ ಬಿಡಲಿಲ್ಲ. ಅದಾದ ಮೇಲೆ ಪ್ರತಿ ಮೀಟರನ್ನೂ ೯,೯೯೦ಕ್ಕೆ ತಿರುಗಿಸಿಟ್ಟು ನೂರು ಸಲ ಹೊಸಿಲು ದಾಟಿಸುತ್ತಿದ್ದೆ. ಎಲ್ಲರೂ ನನ್ನನ್ನು ಶ್ರದ್ಧೆಯ ಮನುಷ್ಯ ಎಂದು ಹೊಗಳಿದರು.

ಆ ಹೊಗಳಿಕೆ ಹೇಗಿರುತ್ತದೆ ಎಂದು ಹೇಳಬಲ್ಲೆ. ಏನು ಮಾಡು ಎಂದು ಹೇಳುವ ಬಾಯಿ ನನಗಿಲ್ಲ.

ನಿನ್ನ,
ಚಿಕ್ಕಪ್ಪ


ಏಪ್ರಿಲ್ ೮

ಚಿಕ್ಕಪ್ಪ,

ನಿಮ್ಮ ಕಾಗದ ಬರಲಿಲ್ಲ. ಹುಷಾರಿಲ್ಲವೇ ಎಂದು ಅಪ್ಪನಿಗೆ ಫೋನ್ ಮಾಡಿದೆ. "ಅವನಿಗೇನು, ಗುಂಡುಕಲ್ಲಿನ ಹಾಗಿದಾನೆ, ಬರೀ ಕಾಗದ ಹರೀತಾನೆ" ಎಂದರು. ಕಾಯಲಾಗಲಿಲ್ಲ. ಹೇಳಿಬಿಟ್ಟೆ.

ಕಳೆದ ಸೋಮವಾರ, ಎಲ್ಲರೂ ಕೂತಿದ್ದಾಗ. ಮೊದಲು ಪರದೆಯ ಮೇಲೆ ೪೪ ತೋರಿಸಿದೆ. ಆಮೇಲೆ ಆ ಸಾಲು ತೋರಿಸಿದೆ. "ಇದನ್ನು ಬರೆದವಳು ನಾನು. ಕಂಪೈಲರು ಹೇಳಿತ್ತು, ನಾನು ಅದರ ಬಾಯಿ ಮುಚ್ಚಿದೆ. ಮುಚ್ಚದಿದ್ದರೆ ಈ ದೋಷ ಈ ಎರಡು ವರ್ಷದಲ್ಲಿ ಎಂದೋ ಸಿಗ್ತಿತ್ತು" ಎಂದೆ. ಫ್ಯಾನಿನ ಸದ್ದು ಅಷ್ಟು ಜೋರಾಗಿದೆ ಎಂದು ನನಗೆ ಅವತ್ತೇ ಗೊತ್ತಾದದ್ದು.

ಗಡಿಯಾರ ಕನ್ನಡಕ ತೆಗೆದು ಒರೆಸಿದರು. "ಹತ್ತಕ್ಕೆ ಹೊರಡಲ್ಲ" ಎಂದು ಫೋನಿನಲ್ಲಿ ಯಾರಿಗೋ ಹೇಳಿದರು. "ಇಲ್ಲ, ಒಂದು ದಿನ ಅಲ್ಲ, ಮೂರು ವಾರ" ಎಂದರು. ಮಧ್ಯಾಹ್ನ ನನ್ನನ್ನು ಕರೆದು, ಈ ವರ್ಷ ಮುಖ್ಯಸ್ಥೆಯ ಹುದ್ದೆ ನಿನಗೆ ಕೊಡೋಕಾಗಲ್ಲ ಎಂದರು. ಸರಿ ಸಾರ್ ಎಂದೆ. ಹೊರಗೆ ಬಂದು ಮುಖ ತೊಳೆದುಕೊಂಡೆ. ಬೇಜಾರಾಗಲಿಲ್ಲ ಎಂದು ನಿಮ್ಮ ಹತ್ತಿರ ಸುಳ್ಳು ಹೇಳುವುದಿಲ್ಲ.

ಮರುದಿನ ಅವರೇ ಕುರ್ಚಿ ಎಳೆದುಕೊಂಡು ನನ್ನ ಪಕ್ಕಕ್ಕೆ ಬಂದರು. "ಎಷ್ಟು ಎಚ್ಚರಿಕೆ ಉಳಿದಿದೆ?"

"ನೂರ ಮೂವತ್ತೊಂದು ಸಾರ್."

"ಅರ್ಧ ಇಲ್ಲಿ ಕೊಡು. ಅವತ್ತು ಎಂಬತ್ತು ಸಾವಿರ ಬಂತಲ್ಲಮ್ಮ ಅಂದವನು ನಾನೇ ಅಲ್ವಾ."

ಎರಡು ಡಬ್ಬಿಯೂ ಬದಲಾಗುವ ತನಕ ಇನ್ನೊಬ್ಬ ಕೆಲಸಗಾರ ಒಳಗೆ ಬರದ ಹಾಗೆ ಬಾಗಿಲು ಹಾಕಿದ್ದೇವೆ. ನಿಮ್ಮ ೬೫,೫೦೦ರ ಪರೀಕ್ಷೆಯನ್ನು ಹತ್ತು ಲಕ್ಷ ಸಲ ಓಡಿಸಿದೆವು. ಒಂದು ಸಲವೂ ತಪ್ಪಲಿಲ್ಲ. ಎಲ್ಲರೂ ಅದನ್ನು ಮೀಟರ್ ಪರೀಕ್ಷೆ ಎನ್ನುತ್ತಾರೆ ಈಗ. ಆ ದಿನ ಗಡಿಯಾರ ಮನೆಗೆ ಹೋದದ್ದು ಆರು ಗಂಟೆಗೆ. ಕಾವಲಿನವರು ತಮ್ಮ ಕೈಗಡಿಯಾರವನ್ನು ಕಿವಿಗೆ ಹಿಡಿದು ನೋಡಿದರು.

ನಿಮ್ಮ,
ಚೂಟಿ


ಮೇ ೨

ನನ್ನ ಚೂಟಿಗೆ,

ನಮ್ಮ ಕಾಗದಗಳು ದಾರಿಯಲ್ಲಿ ಒಂದನ್ನೊಂದು ದಾಟಿಹೋಗಿವೆ. ನನ್ನದು ಓದುವ ಮುಂಚೆಯೇ ನೀನು ಹೇಳಿ ಮುಗಿಸಿದ್ದೆ ಎಂದು ತಿಳಿದು ಎಷ್ಟು ಸಂತೋಷವಾಯಿತು ಎಂದರೆ, ನಿನ್ನಪ್ಪನ ಮನೆಗೆ ನಡೆದುಕೊಂಡೇ ಹೋಗಿ ಓದಿ ಹೇಳಿದೆ. ಅವನು ಪೂರಾ ಕೇಳಿ, "ಹುದ್ದೆ ಹೋಯ್ತಲ್ಲೋ" ಎಂದ. ಆಮೇಲೆ, "ಇನ್ನೊಂದ್ಸಲ ಓದು" ಎಂದ. ಓದಿದೆ. "ಎಂಥ ಗಟ್ಟಿಗಿತ್ತೀನ ಹೆತ್ತಿದೀನಿ ನೋಡು" ಎಂದ. ನಾನು ನೋಡುತ್ತಲೇ ಇದ್ದೇನಲ್ಲ, ನೀನು ನನ್ನ ಮಂಡಿಯ ಮೇಲೆ ಕೂತು ಹಳೇ ಮೀಟರು ಬಿಚ್ಚುತ್ತಿದ್ದ ದಿನದಿಂದ.

ನಿನ್ನ ಕಾಗದ ಜೇಬಿನಲ್ಲಿಟ್ಟುಕೊಂಡು ಹೋದ ವಾರ ಮೇಸ್ತ್ರಿಯ ಮನೆಗೆ ಹೋದೆ. ಎಂಬತ್ತೆರಡು ವಯಸ್ಸು. ಮಗಳ ಮನೆಯಲ್ಲಿ, ಕಿಟಕಿಯ ಪಕ್ಕ ಕುರ್ಚಿ. ಮೇಜಿನ ಮೇಲೆ ಭೂತಗನ್ನಡಿ. ಮಗಳು ಬಾಗಿಲಲ್ಲೇ ಹೇಳಿದರು: "ಅಪ್ಪ ಮಾತ್ರೆ ಚೀಟಿ ಎರಡು ಸಲ ಓದ್ತಾರೆ, ಆಮೇಲೆ ನನ್ನ ಹತ್ರ ಓದಿಸ್ತಾರೆ. ಮನೆ ನಂಬರೂ ಹಾಗೇ. ತಮ್ಮ ಕಣ್ಣು ತಮಗೇ ನಂಬಿಕೆ ಇಲ್ಲ. ನಾನು ಚಿಕ್ಕೋಳಿದ್ದಾಗಿಂದ್ಲೂ ಹಾಗೇ."

ಚಿಕ್ಕೋಳಿದ್ದಾಗಿಂದ ಎಂದರೆ ಎಷ್ಟು ವರ್ಷವಾಯಿತು ಎಂದು ನನಗೆ ಗೊತ್ತಿತ್ತು.

ಕುಶಲ ಕೇಳಲಿಲ್ಲ, ಕೂರಲಿಲ್ಲ. ನಿಂತೇ ಹೇಳಿದೆ. "ಮೇಸ್ತ್ರಿ, ಆ ದಿನ ಈ ತುದೀಲಿ ಕಟ್ಟಿದ್ದು ನಾಲ್ಕು ಚಕ್ರದ್ದು. ಕಟ್ಟಿದ್ದು ನಾನು. ನಿಮಗೆ ಹೇಳಿರಲಿಲ್ಲ. ವಿಚಾರಣೇಲೂ ಹೇಳಲಿಲ್ಲ." ಬಯ್ಯಲಿ, ಹೊರಗೆ ಹೋಗು ಎನ್ನಲಿ ಎಂದು ಸಿದ್ಧನಾಗಿ ನಿಂತಿದ್ದೆ.

ಅವರು ಭೂತಗನ್ನಡಿಯನ್ನು ಪಕ್ಕಕ್ಕೆ ಸರಿಸಿದರು. ಬೆರಳಿನಲ್ಲಿ ಮೇಜಿನ ಮೇಲೆ ಏನೋ ಬರೆದರು. ಐದು ಸಣ್ಣ ಮನೆ.

"ಹಾಗಾದ್ರೆ ಆ ತುದೀಲಿ ಮೀಟರು ತೋರಿಸಿದ್ದು ಹನ್ನೆರಡೇ?"

"ಹನ್ನೆರಡೇ ಮೇಸ್ತ್ರಿ. ಮುಂದೆ ಮೂರು ಸೊನ್ನೆ."

"ಮೊದಲನೇ ಮನೇಲಿ ಒಂದು ಇರಲಿಲ್ಲ?"

"ಇರಲಿಲ್ಲ. ಹಲ್ಲು ಮುರಿದಿತ್ತು."

ಅವರು ಒಳಗಡೆ ತಿರುಗಿ ಮಗಳನ್ನು ಕೂಗಿದರು. ನನ್ನ ಕೆಟ್ಟ ಕಿವಿಗೂ ಸ್ಪಷ್ಟವಾಗಿ ಕೇಳಿಸಿತು.

"ಬಾಮ್ಮ ಇಲ್ಲಿ. ಇವನು ಹೇಳೋದು ಕೇಳು. ನಾನು ಓದಿದ್ದು ಸರಿ ಇತ್ತಂತೆ."

ನಿನ್ನ,
ಚಿಕ್ಕಪ್ಪ